ಅಕ್ಕನ ಕಿಡ್ನಿಯನ್ನು ನನ್ನ ಟಿ ಕೋಶಗಳು ಯಾಕೆ ಒಪ್ಪಿಕೊಳ್ಳುವುದಿಲ್ಲ?

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಅಕ್ಕ ನನಗೆ ಒಂದು ಕಿಡ್ನಿ ಕೊಟ್ಟಳು. ಇಬ್ಬರದೂ ಒಂದೇ ರಕ್ತದ ಗುಂಪು. ಎಚ್‌ಎಲ್‌ಎ, ಅಂದರೆ ಜೀವಕೋಶಗಳ ಹೊರಮೈಯಲ್ಲಿರುವ ಗುರುತಿನ ಪ್ರೋಟೀನುಗಳ ಪರೀಕ್ಷೆಯಲ್ಲಿ 'ಅರ್ಧ ಮ್ಯಾಚ್' ಅಂದರು. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ. ದೇಹ ಅದನ್ನು ತಳ್ಳಿಹಾಕದ ಹಾಗೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಜೊತೆಗೆ ಸ್ವಲ್ಪ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಥೈಮಸ್ ಗ್ರಂಥಿಯಲ್ಲಿ ತನ್ನದು ಯಾವುದು, ಪರರದು ಯಾವುದು ಅಂತ ಕಲಿಯುತ್ತವೆ ಎಂದು ಓದಿದೆ. ನನಗೆ ಎರಡು ಸಂಶಯ. ಅವು ನನ್ನ ಎಚ್‌ಎಲ್‌ಎಯನ್ನು ಮಾತ್ರ ಓದಲು ಕಲಿತಿದ್ದರೆ, ಅಕ್ಕನ ಎಚ್‌ಎಲ್‌ಎ ಅವಕ್ಕೆ ಗೊತ್ತಾಗುವುದಾದರೂ ಹೇಗೆ? ಮತ್ತೆ, ಎರಡು ವರ್ಷದಿಂದ ಒಳಗೇ ಇರುವ ಕಿಡ್ನಿಯನ್ನು ಅವು ಈಗಲಾದರೂ ಯಾಕೆ ಕಲಿತುಕೊಳ್ಳಬಾರದು?

ಉತ್ತರ: ನಿಮ್ಮ ಮೊದಲ ಸಂಶಯ ಸಣ್ಣದಲ್ಲ. ಈ ವಿಷಯದಲ್ಲೇ ಬದುಕು ಕಳೆದವರು ದಶಕಗಟ್ಟಲೆ ತಲೆಕೆಡಿಸಿಕೊಂಡ ಪ್ರಶ್ನೆ ಅದು. ಎರಡನೆಯದಕ್ಕೆ ಪೂರ್ತಿ ಉತ್ತರ ಸಿಕ್ಕ ದಿನ ನಿಮ್ಮ ಮಾತ್ರೆ ಡಬ್ಬಿ ಖಾಲಿಯಾಗುತ್ತದೆ. ಆದರೆ ಎರಡಕ್ಕೂ ಬೇರು ಒಂದೇ ಕಡೆ ಇದೆ: 'ಕಲಿಯುತ್ತವೆ' ಅನ್ನುವ ಮಾತಿನಲ್ಲಿ.

ಥೈಮಸ್ಸನ್ನು ಶಾಲೆ, ಟಿ ಕೋಶವನ್ನು ವಿದ್ಯಾರ್ಥಿ ಅಂತ ಹೇಳುವ ರೂಢಿ ಬೆಳೆದುಬಿಟ್ಟಿದೆ. ಕೇಳುವುದಕ್ಕೆ ಸುಲಭ, ಅಲ್ವಾ? ಆದರೆ ಶಾಲೆಯಲ್ಲಿ ತಪ್ಪು ಮಾಡಿದ ಮಗು ತಿದ್ದಿಕೊಳ್ಳುತ್ತದೆ. ಟಿ ಕೋಶ ತಿದ್ದಿಕೊಳ್ಳುವುದಿಲ್ಲ. ಅದರ ಮೈಮೇಲಿರುವ, ಎದುರಿನದನ್ನು ಹಿಡಿದು ನೋಡುವ ಗ್ರಾಹಕ (ರಿಸೆಪ್ಟರ್) ಒಮ್ಮೆ ಪಕ್ಕಾ ಆಯಿತು ಅಂದರೆ ಸಾಯುವ ತನಕ ಅದೇ ಗ್ರಾಹಕ. ಥೈಮಸ್ ಮಾಡುವುದು ಪಾಠ ಹೇಳುವ ಕೆಲಸವಲ್ಲ, ಜರಡಿ ಹಿಡಿಯುವ ಕೆಲಸ. ಯಾವುದು ಬದುಕಬೇಕು, ಯಾವುದು ಸಾಯಬೇಕು ಅಂತ ಆರಿಸುತ್ತದೆ. ಒಂದೊಂದೇ ಕೋಶ ನೋಡಿದರೆ ಅದಕ್ಕೆ ಏನೂ ಗೊತ್ತಿಲ್ಲ. ಉಳಿದುಕೊಂಡವುಗಳ ಗುಂಪನ್ನು ನೋಡಿದಾಗ ಮಾತ್ರ 'ಓ, ಇವು ಕಲಿತಿವೆ' ಅನ್ನಿಸುತ್ತದೆ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಥೈಮಸ್ ಇರುವುದು ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಹೊದಿಸಿದ ಹಾಗೆ. ಹಸುಗೂಸಿನ ಹೃದಯದ ಆಪರೇಷನ್ನಿನಲ್ಲಿ ಎದೆಮೂಳೆ ತೆರೆದ ತಕ್ಷಣ ಮೊದಲು ಕಣ್ಣಿಗೆ ಬೀಳುವುದೇ ಅದು. ನಸುಗೆಂಪು ಬಣ್ಣದ, ಮೆತ್ತಗಿನ, ಎರಡು ಹೋಳಿನ ಗ್ರಂಥಿ. ಹೃದಯ ಕೈಗೆ ಸಿಗಬೇಕಾದರೆ ಸರ್ಜನ್ ಅದನ್ನು ಪಕ್ಕಕ್ಕೆ ಸರಿಸಬೇಕು, ಎಷ್ಟೋ ಸಲ ಒಂದು ಭಾಗ ತೆಗೆಯಲೂಬೇಕು. ದೊಡ್ಡವರಲ್ಲಿ ಅದೇ ಜಾಗದಲ್ಲಿ ಸಿಗುವುದು ಬಹುಪಾಲು ಹಳದಿ ಕೊಬ್ಬು. ಅದರ ಕೆಲಸವೇನು ಅಂತ 1961ರ ತನಕ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗ ತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾದವು. ಸೋಂಕಿಗೆ ಅವು ಬೇಗ ತುತ್ತಾದವು. ಇನ್ನೊಂದು ಸಂಗತಿ ನಿಮಗೆ ಸಂಬಂಧಪಟ್ಟದ್ದು: ಬೇರೆ ತಳಿಯ ಇಲಿಯ ಚರ್ಮ ತಂದು ಕೂರಿಸಿದರೆ ಅದು ಬೀಳಲಿಲ್ಲ, ಅಲ್ಲೇ ಬೇರೂರಿ ಕೂದಲು ಬಿಟ್ಟಿತು. ಪರರ ಅಂಗವನ್ನು ತಳ್ಳಿಹಾಕುವ ಶಕ್ತಿ ಹುಟ್ಟುವುದು ಈ ಗ್ರಂಥಿಯಲ್ಲೇ ಅಂತ ಹೀಗೆ ಗೊತ್ತಾಯಿತು.

ಈಗ ಒಳಗೆ ಹೋಗೋಣ. ಅಸ್ಥಿಮಜ್ಜೆಯಿಂದ ಹೊರಟ ಎಳೆಯ ಕೋಶಗಳು ಥೈಮಸ್ಸಿಗೆ ಬಂದು ಸೇರುತ್ತವೆ. ಅಲ್ಲಿ ಪ್ರತಿ ಕೋಶವೂ ತನ್ನ ಗ್ರಾಹಕದ ಜೀನ್ ತುಂಡುಗಳನ್ನು ಕತ್ತರಿಸಿ, ಸಿಕ್ಕ ಹಾಗೆ ಜೋಡಿಸಿಕೊಳ್ಳುತ್ತದೆ. ಕೀಲುಗಳಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆಯೂ ಆಗುತ್ತದೆ. ಹೀಗೆ ಆಗಬಹುದಾದ ಗ್ರಾಹಕಗಳ ಲೆಕ್ಕ ಬರೆಯಬೇಕಾದರೆ ಒಂದರ ಮುಂದೆ 15 ಸೊನ್ನೆ ಹಾಕಿದರೂ ಸಾಲದು. ಮುಂದೆ ಯಾವ ವೈರಸ್ ಬರುತ್ತದೋ ದೇಹಕ್ಕೆ ಗೊತ್ತಿಲ್ಲ. ಅದಕ್ಕೇ ಕಣ್ಣು ಮುಚ್ಚಿಕೊಂಡು ಎಲ್ಲ ಆಕಾರದ ಗ್ರಾಹಕಗಳನ್ನೂ ತಯಾರು ಮಾಡುತ್ತದೆ. ಅದರಲ್ಲಿ ಕೆಲಸಕ್ಕೆ ಬಾರದವು ಇರುತ್ತವೆ. ನಮ್ಮ ಮೈಯನ್ನೇ ಹಿಡಿಯುವವೂ ಇರುತ್ತವೆ.

ಟಿ ಕೋಶ ನೋಡುವುದಾದರೂ ಏನನ್ನು? ಇಡೀ ವೈರಸ್ಸನ್ನಲ್ಲ. ನಮ್ಮ ಬಹುತೇಕ ಪ್ರತಿ ಜೀವಕೋಶವೂ ತನ್ನೊಳಗಿನ ಪ್ರೋಟೀನುಗಳನ್ನು ಚೂರು ಮಾಡಿ, ಆ ಚೂರುಗಳನ್ನು ಹೊರಮೈಗೆ ತಂದು ತೋರಿಸುತ್ತಲೇ ಇರುತ್ತದೆ. ಚೂರು ಅಂದರೆ ಸಾಮಾನ್ಯವಾಗಿ ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರ. ಅದನ್ನು ಹಿಡಿದು ತೋರಿಸುವ ಪ್ರೋಟೀನೇ ಎಚ್‌ಎಲ್‌ಎ. ಎರಡೂ ಕೈ ಸೇರಿಸಿ ಬೊಗಸೆ ಮಾಡಿ, ಅದರಲ್ಲಿ ಒಂದು ಕಾಳು ಇಟ್ಟು 'ನೋಡು' ಅಂತ ಮುಂದೆ ಚಾಚಿದ ಹಾಗೆ. ಟಿ ಕೋಶದ ಗ್ರಾಹಕ ಬೊಗಸೆಯನ್ನೂ ಮುಟ್ಟುತ್ತದೆ, ಕಾಳನ್ನೂ ಮುಟ್ಟುತ್ತದೆ. ಎರಡನ್ನೂ ಒಟ್ಟಿಗೇ ತಡವಿ ನೋಡುತ್ತದೆ. ಕಾಳನ್ನು ಮಾತ್ರ ಬಿಡಿಸಿ ನೋಡಲು ಅದಕ್ಕೆ ಬರುವುದಿಲ್ಲ. 1974ರಲ್ಲಿ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೋಹರ್ಟಿ ಇದನ್ನು ಇಲಿಗಳಲ್ಲಿ ತೋರಿಸಿದರು. ಸೋಂಕು ತಗುಲಿದ ಇಲಿಯ ಕಿಲ್ಲರ್ ಟಿ ಕೋಶಗಳು ಅದೇ ವೈರಸ್ ಇರುವ ಕೋಶವನ್ನೂ ಕೊಲ್ಲಲಿಲ್ಲ, ಬೊಗಸೆ ಬೇರೆಯಾಗಿದ್ದರೆ. ಅವರಿಬ್ಬರಿಗೂ 1996ರಲ್ಲಿ ನೊಬೆಲ್ ಬಂತು. ನೀವು ಓದಿದ 'ತನ್ನ ಎಚ್‌ಎಲ್‌ಎಯನ್ನು ಮಾತ್ರ ಓದುತ್ತದೆ' ಅನ್ನುವ ಮಾತಿನ ಮೂಲ ಈ ಪ್ರಯೋಗ.

ಥೈಮಸ್ಸಿನ ಮೊದಲ ಜರಡಿ ಅದರ ಹೊರಪದರದಲ್ಲಿದೆ. ಅಲ್ಲಿನ ಕೋಶಗಳು ನಿಮ್ಮ ಬೊಗಸೆಗಳನ್ನು ಚಾಚಿಕೊಂಡು ನಿಂತಿರುತ್ತವೆ. ಹೊಸ ಟಿ ಕೋಶದ ಗ್ರಾಹಕ ಅವುಗಳಲ್ಲಿ ಯಾವುದಾದರೂ ಒಂದನ್ನು ಸ್ವಲ್ಪವಾದರೂ ಹಿಡಿದರೆ ಬದುಕಲು ಸೂಚನೆ ಸಿಗುತ್ತದೆ. ಏನನ್ನೂ ಹಿಡಿಯದ ಕೋಶಕ್ಕೆ ಯಾರೂ ಏನೂ ಮಾಡುವುದಿಲ್ಲ. ಸೂಚನೆ ಸಿಗದೆ ಅದು ಮೂರು ನಾಲ್ಕು ದಿನದಲ್ಲಿ ತಾನಾಗಿಯೇ ಸಾಯುತ್ತದೆ. ಬಹುಪಾಲು ಕೋಶಗಳ ಕಥೆ ಅಲ್ಲೇ ಮುಗಿಯುತ್ತದೆ.

ಎರಡನೆಯ ಜರಡಿ ಹೆಚ್ಚಾಗಿ ಒಳಪದರದಲ್ಲಿ. ಅಲ್ಲಿ ಪರೀಕ್ಷೆ ಉಲ್ಟಾ. ನಿಮ್ಮ ಬೊಗಸೆಯನ್ನೂ ನಿಮ್ಮದೇ ಚೂರನ್ನೂ ತುಂಬಾ ಗಟ್ಟಿಯಾಗಿ ಹಿಡಿದವು ಸಾಯುತ್ತವೆ. ಆದರೆ ಒಂದು ತೊಡಕಿದೆ. ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯಲ್ಲಿ. ಥೈರೋಗ್ಲೋಬ್ಯುಲಿನ್ ಥೈರಾಯ್ಡಿನಲ್ಲಿ. ಅವನ್ನೆಲ್ಲ ಎದೆಯೊಳಗಿನ ಈ ಗ್ರಂಥಿಯಲ್ಲಿ ತೋರಿಸುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಒಳಪದರದ ಕೆಲವು ಕೋಶಗಳಲ್ಲಿ ಏರ್ ಎಂಬ ಜೀನ್ ಕೆಲಸ ಮಾಡುತ್ತದೆ. ಅದು ದೇಹದ ಬೇರೆ ಬೇರೆ ಅಂಗಗಳಿಗೆ ಸೇರಿದ ಸಾವಿರಾರು ಜೀನುಗಳನ್ನು ಅಲ್ಲಿ ಸ್ವಲ್ಪ ಸ್ವಲ್ಪ ತೆರೆಯುತ್ತದೆ. ಥೈಮಸ್ಸಿಗೆ ಇನ್ಸುಲಿನ್ನಿನಿಂದ ಯಾವ ಉಪಯೋಗವೂ ಇಲ್ಲ. ಟಿ ಕೋಶಗಳನ್ನು ಒರೆಗೆ ಹಚ್ಚುವುದಕ್ಕಾಗಿಯೇ ಅದು ಒಂದು ಚಿಟಿಕೆ ತಯಾರಿಸುತ್ತದೆ. ಈ ಜೀನ್ ಪತ್ತೆಯಾದದ್ದು 1997ರಲ್ಲಿ, ಒಂದು ಅಪರೂಪದ ವಂಶವಾಹಿ ಕಾಯಿಲೆಯ ಜಾಡು ಹಿಡಿದು ಹೋದಾಗ. ಆ ಕಾಯಿಲೆ ಇರುವವರಲ್ಲಿ ಏರ್ ಕೆಟ್ಟಿರುತ್ತದೆ. ಪ್ಯಾರಾಥೈರಾಯ್ಡ್, ಅಡ್ರಿನಲ್ ಹೀಗೆ ಒಂದೊಂದೇ ಗ್ರಂಥಿಯನ್ನು ಅವರ ದೇಹವೇ ಹಾಳುಮಾಡುತ್ತಾ ಹೋಗುತ್ತದೆ. ಅಲ್ಲಿ ಜರಡಿಯಲ್ಲೇ ತೂತು.

ಎರಡೂ ಜರಡಿ ದಾಟಿ ಹೊರಬರುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಹೊರಬಂದ ಈ ಕೋಶಗಳನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ: ನಿಮ್ಮ ಬೊಗಸೆಯನ್ನು ಹಗುರವಾಗಿ ಮುಟ್ಟಬಲ್ಲವು, ಗಟ್ಟಿಯಾಗಿ ಹಿಡಿಯದವು. ಅಷ್ಟೇ. 'ನಿಮ್ಮದನ್ನು ಮಾತ್ರ ಓದುವವು' ಅಂತ ನಾನು ಹೇಳಲಿಲ್ಲ, ಗಮನಿಸಿ. ಬೇರೆಯವರ ಬೊಗಸೆಯನ್ನು ಇವು ಹೇಗೆ ಹಿಡಿಯುತ್ತವೆ ಅಂತ ಥೈಮಸ್ ಯಾವತ್ತೂ ಪರೀಕ್ಷೆ ಮಾಡಲೇ ಇಲ್ಲ. ಮಾಡುವ ದಾರಿಯೂ ಇರಲಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಕ್ಕನ ಬೊಗಸೆ ನಿಮ್ಮದಕ್ಕಿಂತ ಪೂರ್ತಿ ಬೇರೆ ಅಲ್ಲ. ಎಲ್ಲ ಮನುಷ್ಯರ ಎಚ್‌ಎಲ್‌ಎಗೂ ಒಟ್ಟು ಆಕಾರ ಒಂದೇ. ವ್ಯತ್ಯಾಸ ಇರುವುದು ಕಾಳು ಕೂರುವ ಕುಳಿಯ ಸುತ್ತಮುತ್ತ, ಕೆಲವು ಅಮೈನೋ ಆಮ್ಲಗಳಲ್ಲಿ. ಹಾಗಾಗಿ ನಿಮ್ಮ ಬೊಗಸೆಯನ್ನು ಮುಟ್ಟಬಲ್ಲ ಗ್ರಾಹಕಕ್ಕೆ ಅಕ್ಕನದೂ ಕೈಗೆಟುಕುತ್ತದೆ. ಆದರೆ ನಿಮ್ಮದನ್ನು ಗಟ್ಟಿಯಾಗಿ ಹಿಡಿಯುವವು ಎರಡನೆಯ ಜರಡಿಯಲ್ಲಿ ಸತ್ತಿವೆ. ಅಕ್ಕನದನ್ನು ಗಟ್ಟಿಯಾಗಿ ಹಿಡಿಯುವವು ಸತ್ತಿಲ್ಲ. ಅವಳ ಬೊಗಸೆ ನಿಮ್ಮ ಥೈಮಸ್ಸಿನಲ್ಲಿ ಇರಲೇ ಇಲ್ಲವಲ್ಲ. ಟಿ ಕೋಶಕ್ಕೆ 'ಇದು ಪರರದು' ಎಂಬ ಅರಿವು ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಹಿಡಿತ ಗಟ್ಟಿಯಾಯಿತೋ ಇಲ್ಲವೋ. ನಿಮ್ಮದೇ ಬೊಗಸೆಯಲ್ಲಿ ವೈರಸ್ಸಿನ ಚೂರು ಸಿಕ್ಕಾಗ ಆಗುವ ಗಟ್ಟಿ ಹಿಡಿತವೇ ಅಕ್ಕನ ಬೊಗಸೆ ಸಿಕ್ಕಾಗಲೂ ಆಗುತ್ತದೆ.

ಎಷ್ಟು ಕೋಶಗಳಿಗೆ ಹೀಗಾಗುತ್ತದೆ ಅನ್ನುವುದು ಬೆಚ್ಚಿಬೀಳಿಸುವ ಲೆಕ್ಕ. ಯಾವುದೋ ಒಂದು ವೈರಸ್ಸಿನ ಒಂದು ಚೂರನ್ನು ಗುರುತು ಹಿಡಿಯುವ ಟಿ ಕೋಶ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು. ಬೇರೊಬ್ಬರ ಎಚ್‌ಎಲ್‌ಎಗೆ ಪ್ರತಿಕ್ರಿಯೆ ತೋರುವವು ನೂರಕ್ಕೆ ಒಂದರಿಂದ ಹತ್ತು. ಯಾಕೆ ಇಷ್ಟು ಜಾಸ್ತಿ? ಅಕ್ಕನ ಬೊಗಸೆಯ ಕುಳಿ ಬೇರೆ ಆಕಾರದ್ದಾದ್ದರಿಂದ ಅದರಲ್ಲಿ ಕೂರುವ ಚೂರುಗಳೂ ಬೇರೆ. ಅವು ಸಾಮಾನ್ಯ ಪ್ರೋಟೀನಿನ ಚೂರುಗಳೇ, ನಿಮ್ಮಲ್ಲೂ ಇರುವ ಪ್ರೋಟೀನುಗಳೇ. ಆದರೆ ಆ ಕಾಳು ಆ ಬೊಗಸೆಯಲ್ಲಿ ಕೂತ ನೋಟ ನಿಮ್ಮ ಥೈಮಸ್ಸಿಗೆ ಹೊಸದು. ಇಂಥ ಹೊಸ ಜೋಡಿಗಳು ಸಾವಿರಾರು, ಒಂದೊಂದಕ್ಕೂ ಬೇರೆ ಬೇರೆ ಟಿ ಕೋಶ ಹೊಂದುತ್ತದೆ.

ಇನ್ನೂ ಒಂದಿದೆ. ಹಿಂದೆ ಯಾವುದೋ ಸೋಂಕಿನಲ್ಲಿ ಪಳಗಿದ ಟಿ ಕೋಶವೇ ಕಸಿಯ ಮೇಲೂ ತಿರುಗಬಹುದು. ಎಪ್‌ಸ್ಟೀನ್-ಬಾರ್ ವೈರಸ್ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ದಿನ ತಗುಲಿರುತ್ತದೆ. ಎಚ್‌ಎಲ್‌ಎ-ಬಿ8 ಇರುವವರಲ್ಲಿ ಆ ವೈರಸ್ಸಿನ ವಿರುದ್ಧ ಬೆಳೆದ ಕೆಲವು ಟಿ ಕೋಶಗಳು ಎಚ್‌ಎಲ್‌ಎ-ಬಿ44 ಇರುವ ಪರರ ಕೋಶವನ್ನೂ ಕೊಲ್ಲುತ್ತವೆ. ಆ ಅಂಗವನ್ನು ಅವು ಮುಂಚೆ ಯಾವತ್ತೂ ನೋಡಿರುವುದಿಲ್ಲ. ಆದರೂ ಹಳೆಯ ಪರಿಚಯದವರ ಹಾಗೆ ಮೇಲೆ ಬೀಳುತ್ತವೆ.

ನಿಮ್ಮ 'ಅರ್ಧ ಮ್ಯಾಚ್' ಬಗ್ಗೆ ಒಂದು ಮಾತು. ಎಚ್‌ಎಲ್‌ಎ ಜೀನುಗಳು 6ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇವೆ. ಅಪ್ಪನಿಂದ ಒಂದು ಕಟ್ಟು, ಅಮ್ಮನಿಂದ ಒಂದು ಕಟ್ಟು ಬರುತ್ತದೆ. ಒಡಹುಟ್ಟಿದವರಲ್ಲಿ ಎರಡೂ ಕಟ್ಟು ಒಂದೇ ಆಗುವ ಸಾಧ್ಯತೆ ನೂರಕ್ಕೆ 25, ಒಂದು ಕಟ್ಟು ಒಂದೇ ಆಗುವುದು 50, ಎರಡೂ ಬೇರೆಯಾಗುವುದು 25. ನಿಮಗೂ ಅಕ್ಕನಿಗೂ ಒಂದು ಕಟ್ಟು ಸಮಾನ. ಆ ಅರ್ಧಕ್ಕೆ ಸಂಬಂಧಪಟ್ಟ ಜರಡಿ ನಿಮ್ಮಲ್ಲಿ ಆಗಲೇ ಆಗಿದೆ. ತಕರಾರು ಉಳಿದ ಅರ್ಧದ್ದು. ಎರಡೂ ಕಟ್ಟು ಹೊಂದಿದ ಒಡಹುಟ್ಟಿದವರಿಗೂ ಮಾತ್ರೆ ಬೇಕೇ ಬೇಕು, ಯಾಕೆಂದರೆ ಎಚ್‌ಎಲ್‌ಎ ಅಲ್ಲದ ಪ್ರೋಟೀನುಗಳ ಸಣ್ಣ ಸಣ್ಣ ವ್ಯತ್ಯಾಸಗಳೂ ಬೊಗಸೆಯಲ್ಲಿ ಹೊಸ ಕಾಳಾಗಿ ಕಾಣಿಸುತ್ತವೆ. ಈ ತೊಂದರೆ ಇಲ್ಲದವರು ತದ್ರೂಪಿ ಅವಳಿಗಳು ಮಾತ್ರ. 1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಅಂಥ ಅವಳಿಗಳ ನಡುವೆಯೇ ಆಗಿತ್ತು. ಅದಕ್ಕೆ ಮುಂಚೆ ಒಬ್ಬನ ಚರ್ಮದ ಚೂರನ್ನು ಇನ್ನೊಬ್ಬನಿಗೆ ಕೂರಿಸಿ, ಅದು ನಿಲ್ಲುತ್ತದೆ ಅಂತ ಖಾತ್ರಿ ಮಾಡಿಕೊಂಡಿದ್ದರು.

ಕಸಿಯಾದ ದಿನ ಒಳಗೆ ಏನು ನಡೆಯುತ್ತದೆ? ಕಿಡ್ನಿಯನ್ನು ದಾನಿಯಿಂದ ತೆಗೆದಾಗ ಅದಕ್ಕೆ ಸ್ವಲ್ಪ ಹೊತ್ತು ರಕ್ತವಿಲ್ಲ. ತಣ್ಣಗೆ ಇಟ್ಟಿರುತ್ತಾರೆ. ಮತ್ತೆ ರಕ್ತ ಹರಿದಾಗ ಆ ಅಂಗಕ್ಕೆ ಗಾಯವಾದ ಹಾಗೇ. ಆ ಗಾಯದ ಗದ್ದಲಕ್ಕೆ ಕಿಡ್ನಿಯ ಜೊತೆ ಬಂದ ಅಕ್ಕನ ಡೆಂಡ್ರಿಟಿಕ್ ಕೋಶಗಳು, ಅಂದರೆ ಚೂರುಗಳನ್ನು ಟಿ ಕೋಶಗಳಿಗೆ ತೋರಿಸುವುದೇ ಕೆಲಸವಾಗಿರುವ ಕೋಶಗಳು, ಎಚ್ಚರವಾಗುತ್ತವೆ. ಅವು ಕಿಡ್ನಿ ಬಿಟ್ಟು ನಿಮ್ಮ ದುಗ್ಧಗ್ರಂಥಿಗಳಿಗೆ, ಗುಲ್ಮಕ್ಕೆ ಹೋಗಿ ಸೇರುತ್ತವೆ. ನಿಮ್ಮ ಟಿ ಕೋಶಗಳು ತಿರುಗಾಡುವುದೂ ಅಲ್ಲೇ. ಅಕ್ಕನ ಬೊಗಸೆ ನೇರವಾಗಿ ಎದುರಿಗೆ ಬರುತ್ತದೆ. ಹಿಡಿದ ಟಿ ಕೋಶ ಒಂದು ಹೋಗಿ ಸಾವಿರವಾಗುತ್ತದೆ, ಆಮೇಲೆ ರಕ್ತದಲ್ಲಿ ಹರಿದು ಕಿಡ್ನಿಗೆ ಬರುತ್ತದೆ.

ನಾನು ಕಸಿ ಬಯಾಪ್ಸಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವನು. ಆ ಆಗಮನ ನನಗೆ ಗಾಜಿನ ಮೇಲೆ ಕಾಣಿಸುತ್ತದೆ. ಪಿಎಎಸ್ ಬಣ್ಣ ಹಾಕಿದ ಕಿಡ್ನಿ ಚೂರಿನಲ್ಲಿ ಮೂತ್ರದ ನಳಿಕೆಗಳು ಅಡ್ಡ ಕೊಯ್ದ ಉಂಗುರಗಳ ಹಾಗೆ ಒತ್ತಾಗಿ ಇರುತ್ತವೆ. ಪ್ರತಿ ಉಂಗುರಕ್ಕೂ ಹೊರಗೆ ತೆಳ್ಳನೆಯ ಕೆನ್ನೇರಳೆ ಗೆರೆ. ಆರಾಮಾಗಿರುವ ಕಿಡ್ನಿಯಲ್ಲಿ ಉಂಗುರಗಳ ನಡುವೆ ಜಾಗವೇ ಇರುವುದಿಲ್ಲ. ರಿಜೆಕ್ಷನ್ ಶುರುವಾದಾಗ ಉಂಗುರಗಳು ದೂರ ಸರಿದಿರುತ್ತವೆ. ನಡುವೆ ನೀರು ತುಂಬಿ, ಕಡುನೀಲಿ ಚುಕ್ಕೆಗಳು ಗುಂಪುಗೂಡಿರುತ್ತವೆ. ಅವೇ ಲಿಂಫೋಸೈಟುಗಳು, ಹೆಚ್ಚಿನವು ಟಿ ಕೋಶಗಳು. ನಡುವೆ ಇದ್ದರೆ ಅಷ್ಟು ಚಿಂತೆಯಿಲ್ಲ. ನಾನು ಹುಡುಕುವುದು ಆ ಕೆನ್ನೇರಳೆ ಗೆರೆ ದಾಟಿ ಉಂಗುರದೊಳಗೆ ನುಸುಳಿದ ಚುಕ್ಕೆಗಳನ್ನು. ಒಂದೊಂದು ನಳಿಕೆಯಲ್ಲಿ ಎಷ್ಟು ಅಂತ ಎಣಿಸುತ್ತೇವೆ. ಒಂದರಿಂದ ನಾಲ್ಕು ಇದ್ದರೆ ಒಂದು ದರ್ಜೆ, ಐದರಿಂದ ಹತ್ತಕ್ಕೆ ಎರಡನೆಯದು, ಹತ್ತು ಮೀರಿದರೆ ಮೂರನೆಯದು. ಆ ಚುಕ್ಕೆಯ ಸುತ್ತ ಸಣ್ಣ ಬಿಳಿ ವರ್ತುಲ ಕಾಣಿಸುತ್ತದೆ, ಪಕ್ಕದ ನಳಿಕೆ ಕೋಶ ಕುಗ್ಗಿರುತ್ತದೆ. ಕಿಲ್ಲರ್ ಟಿ ಕೋಶ ಪರ್ಫೋರಿನ್ ಎಂಬ ಪ್ರೋಟೀನಿನಿಂದ ಎದುರಿನ ಕೋಶಕ್ಕೆ ತೂತು ಮಾಡಿ, ಗ್ರಾನ್‌ಜೈಮ್ ಒಳಗೆ ಬಿಟ್ಟು, ಅದು ತಾನೇ ಸಾಯುವ ಹಾಗೆ ಮಾಡುತ್ತದೆ. ನನ್ನ ಕಣ್ಣಿಗೆ ಅದು ಕೆಡುಕಿನ ಕೆಲಸ ಅಂತ ಯಾವತ್ತೂ ಕಂಡಿಲ್ಲ. ವೈರಸ್ ಹೊಕ್ಕ ಕೋಶಕ್ಕೆ ಮಾಡುವುದನ್ನೇ ಅದು ಇಲ್ಲೂ ಮಾಡುತ್ತಿದೆ, ಅಷ್ಟೇ ಶ್ರದ್ಧೆಯಿಂದ.

ಇನ್ನು ಎರಡನೆಯ ಪ್ರಶ್ನೆ. ಈಗಲಾದರೂ ಯಾಕೆ ಕಲಿಯಬಾರದು?

ಮಾತ್ರೆ ಏನು ಮಾಡುತ್ತದೆ ಅನ್ನುವುದರಿಂದ ಶುರು ಮಾಡೋಣ. ಗ್ರಾಹಕ ಗಟ್ಟಿಯಾಗಿ ಹಿಡಿದಾಗ ಟಿ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದರಿಂದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಚುರುಕಾಗಿ, ಐಎಲ್-2 ಎಂಬ ಸಂದೇಶ ತಯಾರಾಗುತ್ತದೆ. 'ಹೆಚ್ಚಾಗಿ' ಅನ್ನುವುದೇ ಆ ಸಂದೇಶ. ಟ್ಯಾಕ್ರೋಲಿಮಸ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಲ್ಲಿ ಸಿಕ್ಕ ವಸ್ತು ಅದು. ಮೈಕೋಫಿನೋಲೇಟ್ ಇನ್ನೊಂದು ಹೆಜ್ಜೆ ಆಚೆ, ಕೋಶ ಎರಡಾಗಲು ಬೇಕಾದ ಡಿಎನ್ಎ ಸಾಮಗ್ರಿಯನ್ನೇ ತಡೆಯುತ್ತದೆ. ನೋಡಿ, ಈ ಎರಡು ಮಾತ್ರೆಗಳೂ ಕೋಶವನ್ನು ತಡೆದು ನಿಲ್ಲಿಸುತ್ತವೆ. ಯಾವುದೂ ಅದರ ಗ್ರಾಹಕವನ್ನು ಬದಲಿಸುವುದಿಲ್ಲ. ಎರಡು ವರ್ಷದಿಂದ ಅಕ್ಕನ ಬೊಗಸೆಯನ್ನು ಹಿಡಿಯಬಲ್ಲ ಕೋಶಗಳು ನಿಮ್ಮಲ್ಲಿ ಇನ್ನೂ ಇವೆ. ಅವು ಮೊದಲಿದ್ದ ಹಾಗೇ ಇವೆ. ಜರಡಿಯಿಂದ ಹೊರಬಿದ್ದ ಕೋಶ ಮತ್ತೆ ಜರಡಿಗೆ ಬೀಳುವುದಿಲ್ಲ.

ಹಾಗಂತ ಥೈಮಸ್ಸಿನ ಆಚೆ ಏನೂ ಇಲ್ಲ ಅಂತಲ್ಲ. ಜರಡಿ ಎಷ್ಟೇ ಸಣ್ಣದಾದರೂ ಕೆಲವು ನುಸುಳಿ ಬರುತ್ತವೆ. ಅದಕ್ಕೆ ದೇಹ ಹೊರಗೂ ಕಾವಲು ಇಟ್ಟಿದೆ. ಗಟ್ಟಿ ಹಿಡಿತ ಒಂದೇ ಸಾಲದು, ಪಕ್ಕದಲ್ಲೇ ಎರಡನೆಯ ಸೂಚನೆಯೂ ಸಿಗಬೇಕು. ಅದು ಸಿಗದಿದ್ದರೆ ಕೋಶ ಜಡವಾಗುತ್ತದೆ. ಮತ್ತೆ ಮತ್ತೆ ಹಿಡಿದು ಸುಸ್ತಾದ ಕೋಶ ತನ್ನ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಬೆಳೆಸಿಕೊಳ್ಳುತ್ತದೆ. ಇವೆಲ್ಲದರ ಮೇಲೆ, ಬೇರೆ ಟಿ ಕೋಶಗಳನ್ನು ತಣ್ಣಗೆ ಮಾಡುವುದೇ ಕೆಲಸವಾಗಿರುವ ಒಂದು ಜಾತಿಯ ಟಿ ಕೋಶ ಇದೆ. ಟಿ-ರೆಗ್ ಅನ್ನುತ್ತಾರೆ. 1995ರಲ್ಲಿ ಶಿಮೋನ್ ಸಕಾಗುಚಿ ಅವನ್ನು ಬೇರೆಯಾಗಿ ಗುರುತಿಸಿದರು. ಅವುಗಳ ಮುಖ್ಯ ಜೀನ್ ಫಾಕ್ಸ್‌ಪಿ3 ಅನ್ನು 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ತಂಡ ಒಂದು ಕಾಯಿಲೆ ಇಲಿಯ ತಳಿಯಲ್ಲಿ ಪತ್ತೆ ಮಾಡಿತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೇ.

ಈ ಕಾವಲುಗಳು ನಿಮ್ಮಲ್ಲೂ ಸ್ವಲ್ಪ ಕೆಲಸ ಮಾಡುತ್ತಿವೆ ಎಂಬುದಕ್ಕೆ ಒಂದು ಬೇಸರದ ಪುರಾವೆ ಇದೆ. ಕಸಿಯಾದ ಕೆಲವರಿಗೆ ಮುಂದೆ ಕ್ಯಾನ್ಸರ್ ಬಂದಾಗ ಪಿಡಿ-1 ತಡೆಯುವ ಔಷಧಿ ಕೊಡಬೇಕಾಗುತ್ತದೆ. ಆಗ ವರ್ಷಗಟ್ಟಲೆ ತಣ್ಣಗಿದ್ದ ಕಿಡ್ನಿಯ ಮೇಲೆ ದಾಳಿ ಶುರುವಾದದ್ದು ಎಷ್ಟೋ ಸಲ ಆಗಿದೆ. ಅಂದರೆ ಅಲ್ಲಿ ಮಾತ್ರೆ ಒಂದೇ ಕಾಯುತ್ತಿರಲಿಲ್ಲ. ದೇಹದ ಸ್ವಂತ ಬ್ರೇಕೂ ಜೊತೆಗಿತ್ತು. ನಿಮ್ಮ ಪ್ರಶ್ನೆಗೆ 'ಇಲ್ಲ, ಕಲಿಯುವುದೇ ಇಲ್ಲ' ಅಂದರೆ ಅದು ಪೂರ್ತಿ ನಿಜವಲ್ಲ. ಸ್ವಲ್ಪ ಆಗುತ್ತದೆ. ಮಾತ್ರೆ ಬಿಡುವಷ್ಟು ಆಗುವುದಿಲ್ಲ.

ಪೂರ್ತಿ ಆಗುವುದು ಸಾಧ್ಯ ಅಂತ ತೋರಿಸಿದ ಪ್ರಯೋಗ 1953ರದ್ದು. ಪೀಟರ್ ಮೆಡಾವರ್, ರೂಪರ್ಟ್ ಬಿಲ್ಲಿಂಗ್‌ಹ್ಯಾಮ್, ಲೆಸ್ಲಿ ಬ್ರೆಂಟ್ ಕಂದು ಇಲಿಯ ಹೊಟ್ಟೆಯಲ್ಲಿದ್ದ ಮರಿಗಳಿಗೆ ಬಿಳಿ ತಳಿಯ ಇಲಿಯ ಕೋಶಗಳನ್ನು ಚುಚ್ಚಿದರು. ಮರಿಗಳು ಹುಟ್ಟಿ ದೊಡ್ಡದಾದ ಮೇಲೆ ಅದೇ ಬಿಳಿ ತಳಿಯ ಚರ್ಮ ಕೂರಿಸಿದರು. ಕೆಲವು ಇಲಿಗಳಲ್ಲಿ ಅದು ನಿಂತುಬಿಟ್ಟಿತು. ಕಂದು ಮೈಮೇಲೆ ಬಿಳಿ ಕೂದಲಿನ ತೇಪೆ ಹಾಗೇ ಉಳಿಯಿತು. ಮೂರನೆಯ ತಳಿಯ ಚರ್ಮ ಹಾಕಿದರೆ ಬಿದ್ದುಹೋಗುತ್ತಿತ್ತು, ಹಾಗಾಗಿ ಇಲಿಯ ಶಕ್ತಿ ಕುಂದಿರಲಿಲ್ಲ. ಆಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಬಿಳಿ ತಳಿಯ ವಿರುದ್ಧ ಆಗಲೇ ಪಳಗಿದ್ದ ಬೇರೆ ಕಂದು ಇಲಿಯ ದುಗ್ಧಗ್ರಂಥಿಯ ಕೋಶಗಳನ್ನು ಈ ಇಲಿಗೆ ಕೊಟ್ಟರು. ಬಿಳಿ ತೇಪೆ ನಾಶವಾಯಿತು. ತೇಪೆ ಬದಲಾಗಿರಲಿಲ್ಲ. ಇಲಿಯ ಕೋಶಗಳ ಗುಂಪು ಬದಲಾಗಿತ್ತು, ಅಷ್ಟೇ. ಈ ಕೆಲಸಕ್ಕೆ ಮೆಡಾವರ್ 1960ರ ನೊಬೆಲ್ ಪಡೆದರು, ಮ್ಯಾಕ್‌ಫಾರ್ಲೇನ್ ಬರ್ನೆಟ್ ಜೊತೆ. ಆಗ ಥೈಮಸ್ಸಿನ ಕೆಲಸ ಇನ್ನೂ ಗೊತ್ತಿರಲಿಲ್ಲ. ಈಗ ನಾವು ಹೇಳಬಹುದು: ಜರಡಿ ಶುರುವಾಗುವ ಹೊತ್ತಿಗೇ ಬಿಳಿ ತಳಿಯ ಬೊಗಸೆಯೂ ಒಳಗೆ ಹೋಗಿ ನಿಂತಿತ್ತು.

ಹಾಗಾದರೆ ದೊಡ್ಡವರಿಗೂ ಅದನ್ನೇ ಮಾಡಬಹುದಲ್ಲ? ಕಿಡ್ನಿಯ ಜೊತೆಗೆ ಅದೇ ದಾನಿಯ ಅಸ್ಥಿಮಜ್ಜೆಯನ್ನೂ ಕೊಟ್ಟರೆ, ದಾನಿಯ ಕೋಶಗಳು ಥೈಮಸ್ಸಿಗೂ ಹೋಗಿ ಅಲ್ಲಿ ಅವರ ಬೊಗಸೆ ಚಾಚುತ್ತವೆ. ಹೊಸದಾಗಿ ಹುಟ್ಟುವ ಟಿ ಕೋಶಗಳು ಇಬ್ಬರ ಒರೆಗಲ್ಲಿಗೂ ಉಜ್ಜಿ ಬರಬೇಕು. 2008ರಲ್ಲಿ ಬಾಸ್ಟನ್ನಿನ ತಂಡವೊಂದು ಎಚ್‌ಎಲ್‌ಎ ಹೊಂದದ 5 ಜನರಲ್ಲಿ ಹೀಗೆ ಮಾಡಿದ್ದನ್ನು ಪ್ರಕಟಿಸಿತು. 4 ಜನ ಎಲ್ಲ ಮಾತ್ರೆ ನಿಲ್ಲಿಸಿದ್ದರು. ಸೋಜಿಗವೆಂದರೆ ದಾನಿಯ ರಕ್ತಕೋಶಗಳು ಅವರಲ್ಲಿ ಕೆಲವೇ ವಾರ ಉಳಿದವು, ಆದರೆ ದಾನಿಯ ಕಿಡ್ನಿಯನ್ನು ಸಹಿಸಿಕೊಳ್ಳುವ ಗುಣ ಉಳಿದುಕೊಂಡಿತು. ಹಾಗಾಗಿ ಥೈಮಸ್ಸಿನ ಜರಡಿ ಒಂದರಿಂದಲೇ ಅದನ್ನು ವಿವರಿಸಲಾಗದು. ಟಿ-ರೆಗ್‌ಗಳೂ ಅಲ್ಲಿ ಪಾಲು ಪಡೆದಿವೆ. ಆದರೆ ಇದಕ್ಕೆ ಮೊದಲು ನಿಮ್ಮ ಇರುವ ಟಿ ಕೋಶಗಳನ್ನು ಔಷಧಿಯಿಂದ, ಕೆಲವೊಮ್ಮೆ ರೇಡಿಯೇಷನ್ನಿನಿಂದ, ತೀರಾ ತಗ್ಗಿಸಬೇಕು. ಆ ಹೊತ್ತಿನಲ್ಲಿ ಸೋಂಕಿನ ಭಯ. ದಾನಿಯ ಟಿ ಕೋಶಗಳೇ ನಿಮ್ಮ ಮೈಮೇಲೆ ತಿರುಗಿಬೀಳುವ ಭಯವೂ ಇದೆ. ಚೆನ್ನಾಗಿ ನಡೆಯುತ್ತಿರುವ ಕಿಡ್ನಿ ಇರುವವರಿಗೆ ಈ ಅಪಾಯ ಹೊರಿಸುವುದನ್ನು ನಾನು ಇವತ್ತಿಗೆ ಒಪ್ಪುವುದಿಲ್ಲ.

ಇಲಿಗಳಲ್ಲಿ ಸಲೀಸಾಗಿ ಆಗುವುದು ಮನುಷ್ಯರಲ್ಲಿ ಇಷ್ಟು ಕಷ್ಟ ಯಾಕೆ? ಒಂದು ದೊಡ್ಡ ಕಾರಣ ನೆನಪಿನ ಟಿ ಕೋಶಗಳು. ಲ್ಯಾಬಿನ ಇಲಿ ಚೊಕ್ಕ ಪಂಜರದಲ್ಲಿ ಬೆಳೆದದ್ದು, ಸೋಂಕು ಕಂಡಿಲ್ಲ. ನೀವು ಹುಟ್ಟಿದಾಗಿನಿಂದ ನೂರಾರು ಸೋಂಕು ದಾಟಿ ಬಂದವರು. ಅವುಗಳಲ್ಲಿ ಪಳಗಿದ ಕೋಶಗಳು ಎರಡನೆಯ ಸೂಚನೆಗೂ ಅಷ್ಟಾಗಿ ಕಾಯುವುದಿಲ್ಲ, ಬ್ರೇಕಿಗೂ ಬೇಗ ಬಗ್ಗುವುದಿಲ್ಲ. ಯಕೃತ್ತಿನ ಕಥೆ ಮಾತ್ರ ಸ್ವಲ್ಪ ಬೇರೆ. ಒಂದು ಹಂದಿಯ ಯಕೃತ್ತು ಇನ್ನೊಂದು ಹಂದಿಯಲ್ಲಿ ಔಷಧಿಯೇ ಇಲ್ಲದೆ ಉಳಿದದ್ದನ್ನು ರಾಯ್ ಕಾಲ್ನ್ ತಂಡ 1969ರಲ್ಲೇ ವರದಿ ಮಾಡಿತ್ತು. ಯಕೃತ್ತು ಕಸಿಯಾದ ಕೆಲವರು ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ಬಿಡಲು ಸಾಧ್ಯವಾಗಿದೆ. ಯಾರೋ ಯಕೃತ್ತಿನವರು ಬಿಟ್ಟರಂತೆ ಅಂತ ಕೇಳಿ ಕಿಡ್ನಿಯವರು ಬಿಡಬಾರದು.

ಒಂದು ಬದಲಾವಣೆ ಮಾತ್ರ ನಿಮ್ಮ ಪರವಾಗಿ ಆಗಲೇ ಆಗಿದೆ. ಅಕ್ಕನ ಡೆಂಡ್ರಿಟಿಕ್ ಕೋಶಗಳು ಬಹುಮಟ್ಟಿಗೆ ಮೊದಲ ವಾರಗಳಲ್ಲೇ ಕಿಡ್ನಿ ಬಿಟ್ಟು ಹೋದವು. ಈಗ ಆ ಕಿಡ್ನಿಯೊಳಗೆ ಓಡಾಡುವ ಡೆಂಡ್ರಿಟಿಕ್ ಕೋಶಗಳು ನಿಮ್ಮವು. ನಳಿಕೆಗಳ ಗೋಡೆಯಲ್ಲಿ ಇವತ್ತಿಗೂ ಅಕ್ಕನದೇ ಎಚ್‌ಎಲ್‌ಎ, ಆದರೆ ಅದನ್ನು ಎಲ್ಲರಿಗಿಂತ ಜೋರಾಗಿ ಸಾರುತ್ತಿದ್ದ ಕೋಶಗಳು ಇಲ್ಲ. ಅದಕ್ಕೇ ದಾಳಿಯ ಭಯ ಮೊದಲ ತಿಂಗಳುಗಳಲ್ಲಿ ಜಾಸ್ತಿ. ಆಮೇಲೆ ವೈದ್ಯರು ಡೋಸ್ ಇಳಿಸಲು ಸಾಧ್ಯವಾಗುವುದೂ ಇದರಿಂದಲೇ. ಉಳಿಯುವುದು ಇನ್ನೊಂದು ದಾರಿ. ನಿಮ್ಮದೇ ಡೆಂಡ್ರಿಟಿಕ್ ಕೋಶಗಳು ಅಕ್ಕನ ಎಚ್‌ಎಲ್‌ಎಯ ಮುರುಕುಗಳನ್ನು ಹೆಕ್ಕಿ ನಿಮ್ಮ ಬೊಗಸೆಯಲ್ಲಿಟ್ಟು ತೋರಿಸುತ್ತವೆ. ಹೆಲ್ಪರ್ ಟಿ ಕೋಶ ಅದನ್ನು ಹಿಡಿದರೆ, ಆ್ಯಂಟಿಬಾಡಿ ತಯಾರಿಸುವ ಬಿ ಕೋಶಗಳಿಗೆ ಕುಮ್ಮಕ್ಕು ಕೊಡುತ್ತದೆ. ಆಗ ಅಕ್ಕನ ಎಚ್‌ಎಲ್‌ಎ ವಿರುದ್ಧ ಆ್ಯಂಟಿಬಾಡಿ ಹುಟ್ಟುತ್ತದೆ. ಇದು ನಿಧಾನದ ಹಾನಿ, ವರ್ಷಗಳ ಮೇಲೆ ಕಾಣಿಸುವಂಥದ್ದು. ಮಾತ್ರೆ ಆಗಾಗ ತಪ್ಪಿಸುವವರಲ್ಲಿ ಇದು ಜಾಸ್ತಿ.

ಒಮ್ಮೆ ದಾಳಿ ಶುರುವಾದರೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡೇ ಮೆಡಾವರ್ ಈ ದಾರಿಗೆ ಬಂದದ್ದು. ಎರಡನೇ ಮಹಾಯುದ್ಧದ ಹೊತ್ತು, ಗ್ಲಾಸ್ಗೋದಲ್ಲಿ ಸುಟ್ಟಗಾಯವಾದ ಹೆಣ್ಣುಮಗಳೊಬ್ಬಳಿಗೆ ಅವಳ ಸೋದರನ ಚರ್ಮದ ಸಣ್ಣ ಸಣ್ಣ ಚೂರುಗಳನ್ನು ಕೂರಿಸಿದರು. ಕೆಲವು ದಿನ ನಿಂತು ಬಿದ್ದವು. ಅದೇ ಸೋದರನ ಚರ್ಮವನ್ನು ಎರಡನೆಯ ಸಲ ಕೂರಿಸಿದಾಗ ಇನ್ನೂ ಬೇಗ ಬಿದ್ದವು. ಥಾಮಸ್ ಗಿಬ್ಸನ್ ಜೊತೆ ಅವರು ಅದನ್ನು 1943ರಲ್ಲಿ ಪ್ರಕಟಿಸಿದರು. ಒಮ್ಮೆ ಎಚ್ಚೆತ್ತ ಟಿ ಕೋಶ ಎರಡನೆಯ ಸಲ ತಡ ಮಾಡುವುದಿಲ್ಲ.

ಹಾಗಾಗಿ ಮುಂದಿನ ಚೆಕಪ್ಪಿಗೆ ಹೋದಾಗ ಕ್ರಿಯಾಟಿನಿನ್ ಮತ್ತು ಟ್ಯಾಕ್ರೋಲಿಮಸ್ ಮಟ್ಟದ ಜೊತೆಗೆ, ದಾನಿಯ ವಿರುದ್ಧದ ಆ್ಯಂಟಿಬಾಡಿ ಪರೀಕ್ಷೆ, ಅಂದರೆ ಡಿಎಸ್‌ಎ, ನಿಮಗೆ ಯಾವಾಗ ಮಾಡುತ್ತಾರೆ ಅಂತ ಕೇಳಿ. ವಾಂತಿಯಾಗಿಯೋ ಪ್ರಯಾಣದಲ್ಲೋ ಒಂದು ಹೊತ್ತಿನ ಮಾತ್ರೆ ತಪ್ಪಿದರೆ ನೀವೇ ಲೆಕ್ಕ ಹಾಕಿ ಡಬಲ್ ಡೋಸ್ ನುಂಗಬೇಡಿ. ನಿಮ್ಮ ಕಸಿ ತಂಡಕ್ಕೆ ಅವತ್ತೇ ಫೋನ್ ಮಾಡಿ ಕೇಳಿ.